ಅಧ್ಯಕ್ಷರಿಗೆ ತಂದ ಚಹಾ

ಗಲ್ಫ್‌ನ ಹಮ್ರಿಯಾದಲ್ಲಿರುವ ನಮ್ಮ ಕನ್ನಡ ಬಳಗಕ್ಕೆ ನಾನು ಚುನಾಯಿತ ಅಧ್ಯಕ್ಷ. ಯುಗಾದಿ ಊಟಕ್ಕೆ ಚೀನಾದ ಹಳ್ಳಿಯೊಂದರಿಂದ ಬಂದ ಸಹೋದ್ಯೋಗಿಯನ್ನು ಕರೆದಿದ್ದೆ. ಅಧ್ಯಕ್ಷರಿಗೆಂದು ಚಹಾದ ಡಬ್ಬಿ ತಂದಿದ್ದ. ಬಾಗಿಲಲ್ಲೇ ಎರಡು ನಿಮಿಷ ನಿಂತು ಎಲ್ಲರನ್ನೂ ನೋಡಿದವನು, ನನ್ನನ್ನು ದಾಟಿಕೊಂಡು ಹೋಗಿ, ಸೌಟು ಹಿಡಿದಿದ್ದ ಉಡುಪಿಯ ಅಕ್ಕನ ಕೈಗೆ ಅದನ್ನು ಕೊಟ್ಟ.

“ಅಧ್ಯಕ್ಷ ನಾನಪ್ಪಾ!” ಎಂದು ಎದೆಯ ಬ್ಯಾಡ್ಜ್ ತೋರಿಸಿದೆ.

“ನಮ್ಮೂರಲ್ಲೂ ಹೀಗೇ. ಮೊಹರು ಮುಖ್ಯಸ್ಥನ ಹತ್ತಿರ ಇರುತ್ತೆ. ಆದ್ರೆ ನಗೋ ಮೊದಲು ಜನ ಯಾರ ಮುಖ ನೋಡ್ತಾರೋ, ಊರು ನಡೆಸೋದು ಅವರು,” ಎಂದ.

ಎಂಥ ಅಧಿಕಪ್ರಸಂಗಿ!

“ಅಧ್ಯಕ್ಷರೇ, ಎಂಥ ನಿಂತದ್ದು? ಬಾಳೆಲೆ ಹಾಕಿ ಮಾರಾಯ್ರೆ,” ಎಂದರು ಅಕ್ಕ.

ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಎಲೆ ಹಾಕುತ್ತ, ನಾನೂ ನಗಬಹುದೇ ಎಂದು ಅಕ್ಕನ ಮುಖ ನೋಡಿದೆ.