ನಾಲಿಗಿ ಮ್ಯಾಲಿನ ಮಣ್ಣು

ನಾನು ಔರಾದ ಸಾಲ್ಯಾಗ ಇತಿಹಾಸ ಮಾಸ್ತರ. ಲಂಡನ್ನಿನ ಸಂಶೋಧಕಿಯೊಬ್ಬಾಕಿಗೆ ದುಭಾಷಿಯಾಗಿ ಬೀದರಿನ್ಯಾಗ ಬಿದ್ರಿ ಕೆಲಸದ ಮುದುಕ ಉಸ್ತಾದರ ಕಡೆ ಹೋಗಿದ್ದೆ.

ಆಕಿ ಕೂತಾಕಿನೇ, "ಕ್ರುಸೇಡ್ ಧರ್ಮಯುದ್ಧದ ಕಾಲದಿಂದ ನಮ್ಮ ಕ್ರೈಸ್ತರು ನಿಮ್ಮ ಮುಸಲ್ಮಾನರ ಮ್ಯಾಲ ದಂಡೆತ್ತಿ ಬಂದ್ರಲ್ಲ, ನಿಮಗ ಸಿಟ್ಟಿಲ್ಲೇನು?" ಅಂತ ಇಂಗ್ಲಿಷಿನ್ಯಾಗ ಕೇಳಿದಳು. ನಾನು ಅಂಜಿ ಉಸ್ತಾದರಿಗೆ, "ನಿಮ್ಮ ಕೆಲಸ ಭಾಳ ಚಂದ ಅದ ಅಂತಾರ" ಅಂದೆ.

ಉಸ್ತಾದರು ನಕ್ಕರು. "ಅಷ್ಟುದ್ದ ಮಾತಿಗೆ ಇಷ್ಟೇ ಏನ್ರಿ ಮಾಸ್ತರ? ಖರೇ ಹೇಳ್ರಿ."

ಹೇಳಿದೆ.

ಅವರು ಲೋಹ ಕರಿ ಮಾಡೋ ಹಳೇ ಕ್ವಾಟಿಯ ಮಣ್ಣು ಚಿಟಿಕಿ ತಗೊಂಡು ನಾಲಿಗಿಗೆ ಹಚ್ಚಿದರು. "ಹಳೇದು ಅಂತ ಎಲ್ಲಾ ಮಣ್ಣೂ ಕೆಲಸಕ್ಕ ಬರಲ್ಲರಿ, ರುಚಿ ನೋಡೇ ಆರಿಸ್ತೇವಿ. ಹಳೇ ಸಿಟ್ಟಿನ ರುಚಿನೂ ನೋಡೀನಿ. ಅದು ಕೆಲಸಕ್ಕ ಬರಲ್ಲಂತ ಈ ಬೇಟಿಗೆ, ನನ್ನ ಮಗಳಂಥಾಕಿಗೆ, ಹೇಳ್ರಿ."

ನಾನು ಹೇಳಿದ್ದು ಕೇಳಿ ಆಕಿ ಕೈ ಚಾಚಿ, ಚಿಟಿಕಿ ಮಣ್ಣು ಇಸಗೊಂಡು ತಾನೂ ನೆಕ್ಕಿ, ಮುಖ ಕಿವಿಚಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಇತಿಹಾಸ ಕಲಿಸೋ ನಾನೊಬ್ಬನೇ ಇನ್ನೂ ಆ ಮಣ್ಣು ನಾಲಿಗಿಗೆ ಹಚ್ಚಿಲ್ಲ.