ಭಾಲ್ಕಿ ಸ್ಟೇಷನ್ನಿನಲ್ಲಿ ಓದಿದ ಎರಡು ಸಾಲು

ನಿಜಾಮರ ರಾಜ್ಯದ ಮೇಲಿನ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಬೇಸಿಗೆಯ ಒಂದು ಬೆಳಿಗ್ಗೆ ನಾನು ಇದೇ ಭಾಲ್ಕಿ ಸ್ಟೇಷನ್ನಿನ ಫಲಕದ ಕೆಳಗೆ ಬೀದರದ ಗಾಡಿ ಕಾಯುತ್ತ ನಿಂತಿದ್ದೆ. ಜೊತೆಗೆ ಔರಾದಿನ ಶಾಲೆಯ ಮಾಸ್ತರರಿದ್ದರು. ಅವರ ಕೈಯಲ್ಲಿದ್ದುದು ಇಟಲಿಯ ಒಬ್ಬ ಕ್ರಾಂತಿಕಾರಿ ನಾಯಕನ ಜೀವನಚರಿತ್ರೆ. ನಿಜಾಮರ ಪೊಲೀಸರು ಅಂಥ ಪುಸ್ತಕಗಳನ್ನು ಹುಡುಕುತ್ತಿದ್ದುದರಿಂದ ಮಾಸ್ತರರು ಅದನ್ನು ಪುರಾಣದಂತೆ ಮಡಿಬಟ್ಟೆಯಲ್ಲಿ ಸುತ್ತಿ, ಮೇಲೆ ವಿಭೂತಿ ಹಚ್ಚಿದ್ದರು.

ತಪಾಸಣೆಗೆ ಬಂದ ಜಮಾದಾರ ಅದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

"ನಿಮ್ಮ ದೇವರ ಪುಸ್ತಕ, ನಾ ಮುಟ್ಟಂಗಿಲ್ರಿ," ಎಂದವನು ನನ್ನ ಹಣೆಯ ವಿಭೂತಿ ನೋಡಿ, "ಸ್ವಾಮ್ಯಾರ, ನೀವ ಬಿಚ್ಚಿ ಎರಡು ಸಾಲು ಓದ್ರಿ. ನಂಗೂ ಜರಾ ಪುಣ್ಯಾ ಹತ್ಲಿ" ಎಂದು ನಕ್ಕ.

ಹತ್ತಾರು ವಚನ ನನಗೆ ಬಾಯಿಪಾಠವಿದ್ದವು. ಆದರೆ ಹೆದರಿಕೆಯಲ್ಲಿ ಪುಟದ ಮೇಲಿದ್ದುದನ್ನೇ ಓದಿಬಿಟ್ಟೆ: ಪರರ ಕೈಯಲ್ಲಿದ್ದ ನಾಡಿನ ಶೋಕಕ್ಕೆಂದು ಆ ನಾಯಕ ಸದಾ ಕಪ್ಪು ಬಟ್ಟೆ ತೊಟ್ಟ. ಅರಸರನ್ನು ಇಳಿಸಲು ತರುಣರನ್ನು ಕೂಡಿಸಿದ.

ಜಮಾದಾರನ ಹಿಂದೆ ಅವನ ಸಾಹೇಬರು ನಿಂತು ಕೇಳುತ್ತಿದ್ದರು.

"ಪುರಾಣ ಹೇಳಿದ್ರ ನಡೀತಿತ್ತಲ್ರಿ," ಎಂದು ನನಗೆ ಮೆಲ್ಲಗೆ ಹೇಳಿ, ಜಮಾದಾರ ಮಾಸ್ತರರ ತೋಳು ಹಿಡಿದ.

ಮಾಸ್ತರರು ನನಗೆ ಅಂದದ್ದು ಇಷ್ಟೇ: "ನೀವು ನಡೀರಿ, ಗಾಡಿ ತಪ್ಪೀತು." ಶೇಂಗಾ ಮಾರುವವಳೊಬ್ಬಳು ನೋಡುತ್ತಿದ್ದಂತೆ ನಾನು ಗಾಡಿ ಹತ್ತಿದೆ.

ನಿಜಾಮರ ರಾಜ್ಯ ಹೋಗಿ, ಜೈಲಿನಲ್ಲಿದ್ದವರೆಲ್ಲ ಊರಿಗೆ ಬಂದರು. ಮಾಸ್ತರರು ಬರಲಿಲ್ಲ. ಕಾರ್ಯಾಚರಣೆಯ ನಂತರದ ಗಲಭೆಯಲ್ಲಿ ಜಮಾದಾರನನ್ನೂ ಕೊಂದರಂತೆ. ಅಂದು ನಡೆದದ್ದನ್ನು ಕಂಡವರಲ್ಲಿ, ನನಗೆ ತಿಳಿದಂತೆ, ಈಗ ಉಳಿದವಳು ಇಲ್ಲಿ ಶೇಂಗಾ ಮಾರುವ ಕಾಶಮ್ಮ ಒಬ್ಬಳೇ. ಇವತ್ತು ಗಾಡಿ ಇಳಿದು ಅವಳೆದುರು ನಿಂತೆ. ಅವಳು ತುಂಬಿದ ಬುಟ್ಟಿಗೆ ಸೆರಗು ಮುಚ್ಚಿ, "ನಿಮಗ ಇಲ್ರಿ" ಎಂದಳು.