ಮುಖ ಕೇಳುವ ಅನ್ನ

ಮಲ್‌ಸುನ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಸುಳ್ಳಲ್ಲ. ಆದರೆ ಇಂಚಾನ್ ಬಂದರಿನ ಹಿಂದಿನ ಓಣಿಯಲ್ಲಿ ಒಂಟಿ ಮುದುಕರಿಗೆ ಅವಳು ತೆರೆದ ಊಟದ ಮನೆ ಇಷ್ಟು ವರ್ಷ ಉಳಿದದ್ದೂ ಆ ಸಿಟ್ಟಿನಿಂದಲೇ. ಮೀನಿನ ಕಾರ್ಖಾನೆಯಲ್ಲಿ ಕೈ ಸವೆಸಿ ಬಂದವಳು, ಓಣಿಗೆಲ್ಲ ಚಿಕ್ಕಮ್ಮ.

ಅಕ್ಕಿ, ಗ್ಯಾಸು ಒಂದು ಸಿಮೆಂಟ್ ಕಂಪನಿಯದು. ಅದರ ಬದಲಿಗೆ ಚಳಿ ಶುರುವಾಗುತ್ತಲೇ ಅವರ ಸಿಬ್ಬಂದಿ ಬಸ್ಸು ತುಂಬ ಬಂದು, ಒಂದೇ ಬಣ್ಣದ ಏಪ್ರನ್ ಕಟ್ಟಿಕೊಂಡು ಮುದುಕರಿಗೆ ಹಂಚಲು ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿ, ಹಾಕುತ್ತಿದ್ದರು. ಕಿಮ್ಚಿಗಿಂತ ಫೋಟೋ ಜಾಸ್ತಿ. ಅವರು ಹೋದ ಮೇಲೆ ಓಣಿಯ ಹೆಂಗಸರು ಬೈದುಕೊಳ್ಳುತ್ತ ಎಲೆಕೋಸಿಗೆ ಮತ್ತೆ ಮಸಾಲೆ ಸವರುತ್ತಿದ್ದರು. ಅದನ್ನೆಲ್ಲ ಮಲ್‌ಸುನ್ ನುಂಗಿಕೊಂಡಳು.

ಈ ಸಲದ್ದನ್ನು ನುಂಗಲಾಗಲಿಲ್ಲ. ಕಂಪನಿಯವರು ಬಸ್ ನಿಲ್ದಾಣದಲ್ಲಿ ದೊಡ್ಡ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಪ್ಯೋ ಮೇಷ್ಟ್ರು, ಎರಡೂ ಕೈಯಲ್ಲಿ ಕಿಮ್ಚಿ ಡಬ್ಬ ಹಿಡಿದು, ಮೊಮ್ಮಗಳ ವಯಸ್ಸಿನ ಕಂಪನಿ ಹುಡುಗಿಯ ಮುಂದೆ ತಲೆ ಬಾಗಿಸಿ ನಿಂತಿದ್ದರು. ಅರ್ಧ ಊರಿಗೆ ಅಕ್ಷರ ಕಲಿಸಿದವರು. ಮಗನ ವ್ಯಾಪಾರ ಮುಳುಗಿ ಪಿಂಚಣಿಯೆಲ್ಲ ಸಾಲಕ್ಕೆ ಹೋಗುತ್ತಿದ್ದರೂ ಇಸ್ತ್ರಿ ಮಾಡಿದ ಕಾಲರಿನಲ್ಲೇ ಊಟಕ್ಕೆ ಬರುತ್ತಿದ್ದರು. ಪೋಸ್ಟರ್ ಅಂಟಿಸಿದ ಮರುದಿನದಿಂದ ಬರಲಿಲ್ಲ.

ಮುಂದಿನ ವರ್ಷದ ಒಪ್ಪಂದ ಹಿಡಿದುಕೊಂಡು ಕಂಪನಿಯ ಪ್ರಚಾರ ನೋಡಿಕೊಳ್ಳುವ ಬಾಂಗ್ ಬಂದ. ಮಲ್‌ಸುನ್ ಅವನನ್ನು ಮುದುಕರ ಸಾಲಿನಲ್ಲೇ ಕೂರಿಸಿ, ಸಾರು ಬಡಿಸಿ, ಮೊದಲ ತುತ್ತು ಬಾಯಿಗೆ ಹೋಗುವಾಗ ಫೋನ್ ಎತ್ತಿ ಹಿಡಿದಳು. ಅವನು ಥಟ್ಟನೆ ಕೈ ಅಡ್ಡ ಹಿಡಿದ.

"ಬೇಡ ಚಿಕ್ಕಮ್ಮ, ಊಟ ಮಾಡ್ತಿದೀನಿ."

"ಮೇಷ್ಟ್ರೂ ಊಟಕ್ಕೇ ಬರ್ತಿದ್ರು."

ಮುಖ ಕಾಣದಿದ್ದರೆ ಮೇಲಿನವರು ದುಡ್ಡು ಬಿಡುವುದಿಲ್ಲ, ತಾನೇನು ಮಾಡಲಿ ಎಂದು ಬಾಂಗ್ ಗೊಣಗಿದ. ಅವಳ ದನಿ ಏರಿತು.

"ಅಕ್ಕಿ ಕೊಡ್ತೀರಿ, ಮರೆತಿಲ್ಲ. ವಾರಕ್ಕೊಂದ್ಸಲ ಬನ್ನಿ, ಇವ್ರ ಜೊತೆ ಕೂತು ಉಣ್ಣಿ, ಯಾರಿಗೆ ಏನು ಬೇಕು ಕೇಳಿ, ಜಗಳ ಬೇಕಾದ್ರೂ ಆಡಿ. ಆದ್ರೆ ಇವ್ರ ಮುಖ ನನ್ನದಲ್ಲ, ನಿಮಗೆ ಮಾರೋಕೆ."

ಬಾಂಗ್ ಊಟ ಮುಗಿಸಲಿಲ್ಲ. ನಿಲ್ದಾಣಕ್ಕೆ ಹೋಗಿ ಪೋಸ್ಟರನ್ನು ತಾನೇ ಕಿತ್ತು ತಂದ. ಅಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡಿದ್ದನೋ ಏನೋ. ಮಲ್‌ಸುನ್ ಅವನ ಕೈಗೆ ಬುತ್ತಿ ತುರುಕಿ, ಮೇಷ್ಟ್ರ ಕೋಣೆಗೆ ಎಳೆದುಕೊಂಡು ಹೋದಳು.

ಬಾಂಗ್ ಬಾಗಿಲು ತಟ್ಟಿದ. ಯಾರೆಂದು ಒಳಗಿನಿಂದ ಕೇಳಿದರು. ಫೋಟೋ ತೆಗೆಸಿದವನು, ತಪ್ಪಾಯಿತು ಎಂದ.

ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಮೇಷ್ಟ್ರು ಮರ್ಯಾದೆಯಿಂದ ಹೇಳಿದರು, "ನನ್ನದು ಊಟ ಆಯ್ತಪ್ಪ. ಬೇರೆಯವರಿಗೆ ಕೊಡಿ."

ಅವರ ಮನೆಯ ಒಲೆ ಉರಿಯದೆ ಎಷ್ಟು ದಿನವಾಯಿತೆಂದು ಓಣಿಗೆಲ್ಲ ಗೊತ್ತಿತ್ತು. ಬಾಂಗ್ ಬುತ್ತಿ ಹಿಡಿದು ಮೆಟ್ಟಿಲಿಳಿಯುವಾಗ, ಒಪ್ಪಂದಕ್ಕೆ ಸಹಿ ಯಾವಾಗ ಎಂದು ಮೆಲ್ಲಗೆ ಕೇಳಿದ.

"ನಾಳೆ ಬಿಸಿ ಅನ್ನ ತಗೊಂಡು ಬನ್ನಿ," ಎಂದಳು ಮಲ್‌ಸುನ್. "ನಾಡಿದ್ದೂ ಬನ್ನಿ. ಅವ್ರು ಬಾಗಿಲು ತೆಗೆದ ದಿನ ಸಹಿ ಹಾಕ್ತೀನಿ."